ಗೋಡೆಯ ಕಬ್ಬಿಣದ ಬಳೆ

ಅರವತ್ತರ ದಶಕದ ಕೊನೆಯಲ್ಲಿ ನಾವು ನಾಸಿಕಿನ ಬಂಗಲೆಗಳ ಬೀದಿಯಲ್ಲಿದ್ದೆವು. ಬೀದರಿನ ನೆಂಟರಿಗೆ ಹಾಗೆಂದೇ ಬರೆಯುತ್ತಿದ್ದೆ. ನಮ್ಮದು ಬಂಗಲೆಯ ಹಿತ್ತಲಿನ ಒಂಟಿ ಕಲ್ಲಿನ ಕೋಣೆ ಎಂದು ಬರೆಯಲು ಮಾತ್ರ ಪ್ರತಿ ಸಲವೂ ಪತ್ರದಲ್ಲಿ ಜಾಗ ಸಾಲುತ್ತಿರಲಿಲ್ಲ.

ಓಝರಿನ ವಿಮಾನ ಕಾರ್ಖಾನೆಯಲ್ಲಿ ಸಣ್ಣ ನೌಕರನಾಗಿದ್ದ ನಾನು ಬಂಗಲೆಯ ಸಾಹೇಬರಿಗೆಲ್ಲ ಬಗ್ಗಿ ಬಗ್ಗಿ ನಮಸ್ಕಾರ ಹಾಕುತ್ತಿದ್ದೆ. ಒಬ್ಬರಾದರೂ ನನ್ನನ್ನು ‘ನಮ್ಮ ಬೀದಿಯವನು’ ಅನ್ನಲಿ ಎಂಬ ಆಸೆ. ಗಣಪತಿ ಹಬ್ಬದಲ್ಲಿ ಬೀದಿಯ ಇತಿಹಾಸ ಹೇಳಲು ಯಾರಾದರೂ ಬೇಕೆಂದಾಗ ಮೊದಲು ಮೇಲೆದ್ದದ್ದು ನನ್ನ ಕೈ.

“ನಾವು ಬಂದು ಎರಡ್ ವರ್ಷ ಆಗಿಲ್ಲ. ನಿಮಗ್ಯಾಕ್ ಬೇಕ್ರಿ ಈ ಉಸಾಬರಿ?” ಎಂದಳು ಹೆಂಡತಿ. “ಮಾವಶೀನ್ನರ ಕೇಳ್ರಿ, ಆಕಿ ಇಲ್ಲೇ ಹುಟ್ಟಿದಾಕಿ.”

ಮಾವಶಿ ನಮ್ಮಲ್ಲಿ ಪಾತ್ರೆ ತಿಕ್ಕುತ್ತಿದ್ದ ಮುದುಕಿ. ನನಗೋ ಆಕೆಯ ಮೇಲೆ ಮೊದಲೇ ಅನುಮಾನ. ಕೋಣೆಯ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಒಂದು ಕಬ್ಬಿಣದ ಬಳೆಯಿತ್ತು; ನನ್ನ ಪ್ಯಾಂಟು ತೂಗುತ್ತಿದ್ದದ್ದು ಅದಕ್ಕೇ. ದಿನಾ ಹೊರಡುವಾಗ ಆಕೆಯ ಕೈ ಅತ್ತ ಹೋಗುತ್ತಿತ್ತು. ಜೇಬು ತಡಕುತ್ತಾಳೆಂದು ಮಾವ ಕೊಟ್ಟ ಕೈಗಡಿಯಾರವನ್ನು ಟ್ರಂಕಿಗೆ ಸಾಗಿಸಿದ್ದೆ. ಅಂಥವಳನ್ನು ಇತಿಹಾಸ ಕೇಳುವುದೇ?

ಹಬ್ಬದ ದಿನ ಮುರುಕು ಮರಾಠಿಯಲ್ಲಿ ಕೊಚ್ಚಿದ್ದೇ ಕೊಚ್ಚಿದ್ದು. ಇದು ಬರೀ ಮುಳ್ಳುಕಂಟಿಯ ಪಾಳುಭೂಮಿಯಾಗಿತ್ತು, ಸಾಹೇಬರು ಬಂದು ನಂದನವನ ಮಾಡಿದರು ಎಂದೆ. ಚಪ್ಪಾಳೆ ಬಿತ್ತು. ಪ್ರಸಾದ ಹಂಚುತ್ತಿದ್ದ ಮಾವಶಿ ತನ್ನ ಮರಾಠಿಯಲ್ಲಿ ತಣ್ಣಗೆ ಹೇಳಿದಳು:

“ಪಾಳು ಎಲ್ಲಿತ್ರಿ ಸಾಹೇಬ್ರ? ನಮ್ಮ ದ್ರಾಕ್ಷಿ ತ್ವಾಟ ಇತ್ತು. ನೀವಿರೋ ಖೋಲಿ ನಮ್ಮ ಎತ್ತಿನ ಕೊಟ್ಟಿಗಿ.”

ಬೀದಿಯೇ ನಕ್ಕಿತು. ಅದುವರೆಗೆ ನನ್ನ ನಮಸ್ಕಾರಕ್ಕೆ ತಲೆಯನ್ನೂ ಆಡಿಸದಿದ್ದ ಸಾಹೇಬರೊಬ್ಬರು, ಮೇವು ಸರಿಯಾಗಿ ಸಿಗುತ್ತಿದೆಯೇ ಎಂದು ವಿಚಾರಿಸಿದರು. ಅಂತೂ ನಾನು ಬೀದಿಗೆಲ್ಲ ಪರಿಚಿತನಾದೆ.

ಮರುದಿನ ಮಾವಶಿಯ ಮೇಲೆ ಸಿಟ್ಟಿನಿಂದಲೇ ಕಾದು ಕೂತಿದ್ದೆ. ಪಾತ್ರೆ ಮುಗಿಸಿ, ಸೆರಗಿಗೆ ಕೈ ಒರೆಸಿಕೊಂಡು, ನನ್ನ ಪ್ಯಾಂಟು ಪಕ್ಕಕ್ಕೆ ಸರಿಸಿ ಆಕೆ ಆ ಬಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡಳು.

“ತ್ವಾಟ ಮಾರಿದ ದಿನ ಎತ್ತಿನ ಹಗ್ಗ ಇಲ್ಲಿಂದ ನಾನೇ ಬಿಚ್ಚಿದ್ದೆ,” ಎಂದಳು.

ನಾಚಿಕೆಯಿಂದ ಕುಗ್ಗಿಹೋದೆ. ಗಡಬಡಿಸಿ ಎದ್ದು ಪ್ಯಾಂಟು ತೆಗೆಯಹೋದೆ.

“ಇರ್ಲಿ ಬಿಡ್ರಿ. ನೀವು ಗಡಿಯಾರ ಟ್ರಂಕಿನ್ಯಾಗ ಬಚ್ಚಿಟ್ಟ ದಿನಾನ ನನಗ ತಿಳದಿತ್ತು,” ಎಂದು ಚಪ್ಪಲಿ ಮೆಟ್ಟಿಕೊಂಡು ಮುಂದಿನ ಮನೆಯ ಪಾತ್ರೆಗೆ ಹೋದಳು.