ಲ್ಯಾಬ್ ಅಕ್ಕನ ಡಸ್ಟರ್

ಬೆಳಗ್ಗೆ ಆರೂಕಾಲು. ಕಾಲೇಜಿನ ಗೇಟು ಇನ್ನೂ ಅರ್ಧವೇ ತೆರೆದಿದೆ. ಎರಡನೇ ಮಹಡಿಯ ಕಂಪ್ಯೂಟರ್ ಲ್ಯಾಬಿನ ಹೊರಗೆ ಒಂದೇ ಒಂದು ಜೊತೆ ಚಪ್ಪಲಿ. ಒಳಗೆ ಕಿಟಕಿಯ ಮಸುಕು ಬೆಳಕಿನಲ್ಲಿ ಹೆಂಗಸೊಬ್ಬರು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಶಾಲೆ ಮಕ್ಕಳ ರಬ್ಬರಿನಿಂದ ಏನನ್ನೋ ಉಜ್ಜುತ್ತಿದ್ದಾರೆ. ಗೇಣುದ್ದವೂ ಇಲ್ಲದ ಹಸಿರು ಪಟ್ಟಿ, ಅದರ ಅಂಚಿಗೆ ಚಿನ್ನದ ಬಣ್ಣದ ಸಾಲುಗೆರೆ. ಕೆಲಸ ಮಾಡುವಾಗ ಕಂಪ್ಯೂಟರ್ ನೆನಪಿಟ್ಟುಕೊಳ್ಳುವುದು ಈ ಪಟ್ಟಿಯಲ್ಲೇ. ಉಜ್ಜಿ, ಉಫ್ ಎಂದು ಊದಿ, ಅದರ ಜಾಗಕ್ಕೆ ಒತ್ತಿ ಕೂರಿಸುತ್ತಾರೆ. ಎರಡು ದಿನದಿಂದ ಮುನಿಸಿಕೊಂಡಿದ್ದ ಪರದೆ ಕಣ್ಣು ಬಿಡುತ್ತದೆ.

“ಇಲ್ಲಿ ಕೊಳೆ ಕೂತ್ರೆ ಇದಕ್ಕೆ ಏನೂ ನೆನಪಿರಲ್ಲ. ನಮಗೆ ತದ್ವಿರುದ್ಧ ನೋಡಿ, ಎಷ್ಟು ಉಜ್ಜಿದ್ರೂ ಕೆಲವು ಹೋಗೋದೇ ಇಲ್ಲ” ಎಂದು ನಮ್ಮತ್ತ ತಿರುಗಿ ನಗುತ್ತಾರೆ. ನಗು ತುಟಿಯಿಂದ ಮೇಲಕ್ಕೆ ಹೋಗುವುದಿಲ್ಲ.

ಪ್ರಿನ್ಸಿಪಾಲರಿಂದ ಹಿಡಿದು ಗೇಟಿನ ಕಾವಲುಗಾರನವರೆಗೆ ಎಲ್ಲರಿಗೂ ಇವರು ಲ್ಯಾಬ್ ಅಕ್ಕ. ಇಪ್ಪತ್ತಾರು ವರ್ಷದಿಂದ ಇಲ್ಲಿ ಸಹಾಯಕಿ. ಮೂವತ್ತನಾಲ್ಕು ಕಂಪ್ಯೂಟರುಗಳ ಪೈಕಿ ಯಾವುದಕ್ಕೆ ಬಿಸಿ ಏರುತ್ತದೆ, ಯಾವುದರ ಫ್ಯಾನು ಗೊರಕೆ ಹೊಡೆಯುತ್ತದೆ ಎಂಬುದೆಲ್ಲ ಇವರಿಗೆ ಅಂಗೈ ಗೆರೆಯಷ್ಟು ಚೆನ್ನಾಗಿ ಗೊತ್ತು. ಏಳು ಗಂಟೆಯೊಳಗೆ ಅಷ್ಟನ್ನೂ ಒಮ್ಮೆ ಚಾಲೂ ಮಾಡಿ ನೋಡಬೇಕು. ವಾರಕ್ಕೊಂದು ರಬ್ಬರ್ ಸವೆಯುತ್ತದೆ. ಮುಂದಿನ ತಿಂಗಳು ನಿವೃತ್ತಿ. ಕೆಲಸಕ್ಕೆ ಸೇರಿದಾಗ ಕಂಪ್ಯೂಟರಿನ ಗಂಧಗಾಳಿಯೂ ಇರಲಿಲ್ಲ. “ಮೊದಲನೇ ದಿನ ಮೌಸ್ ಮುಟ್ಟೋಕೂ ಹೆದರಿಕೊಂಡು ಸೆರಗಿನಲ್ಲಿ ಹಿಡಿದಿದ್ದೆ. ನಮ್ಮನೆಯೋರು ಇವತ್ತಿಗೂ ಅದನ್ನ ಆಡ್ಕೋತಾರೆ” ಎನ್ನುತ್ತಾರೆ. ಮನೆಯವರು ದರ್ಜಿ. ಬಾಡಿಗೆ ಮನೆಯ ಹಜಾರದಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಆಸ್ಪತ್ರೆಯವರ ಸಮವಸ್ತ್ರ ಹೊಲಿಯುತ್ತಾರೆ.

ಅಕ್ಕನಿಗೆ ಕಲಿಸಿದ್ದು ಮೇಷ್ಟ್ರು. ಮೊದಲ ವರ್ಷದವರಿಗೆ ‘ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ’ ಎಂಬ ಪಾಠ ಮಾಡುತ್ತಿದ್ದವರು. ಮೊದಲ ತರಗತಿಯಲ್ಲಿ ಅವರು ಯಾವ ಯಂತ್ರವನ್ನೂ ಮುಟ್ಟಗೊಡುತ್ತಿರಲಿಲ್ಲ. ಗೋಡೆಯ ಗೂಡಿನಲ್ಲಿ ಐದು ತಗಡಿನ ಡಬ್ಬಿ ಸಾಲಾಗಿ ಇಡಿಸುತ್ತಿದ್ದರು. ನಾಲ್ಕರಲ್ಲಿ ಒಂದೊಂದು ಚೀಟಿ, ಐದನೆಯದರಲ್ಲಿ ಸೊನ್ನೆ ಬರೆದ ಕಾಗದ, ಎಲ್ಲವೂ ಅಕ್ಕನ ದುಂಡು ಅಕ್ಷರದಲ್ಲಿ. ಒಂದನೆಯದು: ಐದನೇ ಡಬ್ಬಿಯ ಅಂಕಿ ತನ್ನಿ. ಎರಡನೆಯದು: ಒಂದು ಕೂಡಿಸಿ. ಮೂರನೆಯದು: ಬಂದ ಉತ್ತರವನ್ನು ಐದನೇ ಡಬ್ಬಿಗೆ ಹಾಕಿ. ನಾಲ್ಕನೆಯದು: ಒಂದನೇ ಚೀಟಿಗೆ ಹೋಗಿ. ಒಬ್ಬ ವಿದ್ಯಾರ್ಥಿ ಚೀಟಿ ಓದಬೇಕು, ಇನ್ನೊಬ್ಬ ಅಂಕಿ ತರಬೇಕು, ಮತ್ತೊಬ್ಬ ಸ್ಲೇಟಿನಲ್ಲಿ ಕೂಡಿಸಬೇಕು. ಯಾರೂ ಸ್ವಂತ ಬುದ್ಧಿ ಓಡಿಸುವಂತಿಲ್ಲ.

ಅಕ್ಕ ಗಡಿಯಾರ. ಡಸ್ಟರಿನ ಮರದ ಬೆನ್ನಿನಿಂದ ಮೇಜಿಗೆ ಟಕ್ ಎಂದು ಬಡಿದರೆ ಒಂದು ಹೆಜ್ಜೆ. ಮತ್ತೆ ಟಕ್ ಎಂದರೆ ಇನ್ನೊಂದು. “‘ಅಕ್ಕ, ನೀವು ಯಾರ ಮುಖಾನೂ ನೋಡಬೇಡಿ’ ಅಂತಿದ್ರು ಮೇಷ್ಟ್ರು. ಯಾರಾದ್ರೂ ಹಿಂದೆ ಬಿದ್ದದ್ದು ಕಂಡ್ರೆ ನಿಮ್ಮ ಕೈ ತಡೆಯುತ್ತೆ, ಗಡಿಯಾರಕ್ಕೆ ಮರುಕ ಇರಬಾರದು ಅಂತಿದ್ರು. ಅದಕ್ಕೇ ನಾನು ಮೇಜಿನ ಮರದಲ್ಲಿರೋ ಈ ಗಂಟನ್ನೇ ನೋಡ್ಕೊಂಡು ಬಡೀತಿದ್ದೆ.”

ಆ ಚೀಟಿಗಳಲ್ಲಿ ‘ನಿಲ್ಲಿ’ ಎನ್ನುವ ಮಾತು ಬೇಕೆಂದೇ ಇರಲಿಲ್ಲ. ಐದಾರು ಸುತ್ತಾಗುವ ಹೊತ್ತಿಗೆ ಯಾರಾದರೂ ತಾಳ್ಮೆಗೆಟ್ಟು, “ಸರ್, ಇದು ನಿಲ್ಲೋದು ಯಾವಾಗ?” ಎನ್ನುತ್ತಿದ್ದರು. ಅಷ್ಟಕ್ಕೇ ಕಾದಿದ್ದವರ ಹಾಗೆ ಮೇಷ್ಟ್ರು ಚಪ್ಪಾಳೆ ತಟ್ಟಿ ಏಳುತ್ತಿದ್ದರು. “ಇದೇ ಮೊದಲನೇ ಪಾಠ. ಯಂತ್ರಕ್ಕೆ ಸಾಕು ಅನ್ನೋದು ಗೊತ್ತಿಲ್ಲ. ಅದನ್ನ ನಾವು ಹೇಳ್ಬೇಕು.” ವರ್ಷಕ್ಕೊಮ್ಮೆ ನಡೆಯುವ ಈ ಆಟಕ್ಕಾಗಿ ಅಕ್ಕ ವರ್ಷವಿಡೀ ಕಾಯುತ್ತಿದ್ದರು.

ಒಂಬತ್ತು ವರ್ಷದ ಹಿಂದೆ, ಅಂಥದೇ ಒಂದು ತರಗತಿ. ಮೇಷ್ಟ್ರು ಆಟ ಶುರು ಮಾಡಿಸಿ ಮೂಲೆಯ ಕುರ್ಚಿಯಲ್ಲಿ ಕುಳಿತರು. ಆ ವರ್ಷದವರು ಹೇಳಿದ ಮಾತು ಮೀರದ ಮಕ್ಕಳು. ಆರು ಸುತ್ತಾಯಿತು, ಹತ್ತು ಸುತ್ತಾಯಿತು, ಯಾರೂ ತುಟಿ ಬಿಚ್ಚಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ ಕೂತಿದ್ದಾರೆ, ನಮ್ಮನ್ನು ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡರು. ಅಕ್ಕ ಮರದ ಗಂಟು ನೋಡುತ್ತ ಬಡಿಯುತ್ತಲೇ ಇದ್ದರು. ತರಗತಿ ಮುಗಿದ ಗಂಟೆ ಹೊಡೆದಾಗ ಎಲ್ಲರೂ ಚೀಟಿ ಕೆಳಗಿಟ್ಟರು. ಮೇಷ್ಟ್ರು ಮಾತ್ರ ಏಳಲಿಲ್ಲ. ಹೃದಯ ನಿಂತು ಎಷ್ಟು ಹೊತ್ತಾಗಿತ್ತೋ ಯಾರಿಗೂ ತಿಳಿಯದು. ಅವರಿಗಿನ್ನೂ ನಲವತ್ತೈದು.

ಐದನೇ ಡಬ್ಬಿಯಲ್ಲಿದ್ದ ಕೊನೆಯ ಚೀಟಿ ಅಕ್ಕನ ಪರ್ಸಿನಲ್ಲಿದೆ. ನಾಲ್ಕು ಮಡಿಕೆಯಾಗಿ ಅಂಚು ನವೆದಿರುವ ಕಾಗದ. ಮೇಲೆ ಹತ್ತೊಂಬತ್ತು ಎಂಬ ಅಂಕಿ. “ಹತ್ತೊಂಬತ್ತು ಸುತ್ತು. ಹನ್ನೊಂದು ನಿಮಿಷ ಆಗುತ್ತೆ, ಆಮೇಲೆ ಲೆಕ್ಕ ಹಾಕಿದೆ. ಅಷ್ಟರಲ್ಲಿ ಒಂದೇ ಒಂದ್ಸಲ ತಲೆ ಎತ್ತಿದ್ರೆ ಸಾಕಿತ್ತು. ಎತ್ತಲಿಲ್ಲ ನಾನು.” ಮುಂಚೆ ನೋಡಿದ್ದರೂ ಉಳಿಯುತ್ತಿದ್ದರೆಂದು ಹೇಳಲಾಗದು ಎಂದು ವೈದ್ಯರು ಬಿಡಿಸಿ ಹೇಳಿದ್ದಾರೆ. ಮನೆಯವರೂ ಬಾಯಿ ನೋಯುವಷ್ಟು ಹೇಳಿ ಸೋತಿದ್ದಾರೆ. ಅಕ್ಕನ ಕರುಳು ಕೇಳಬೇಕಲ್ಲ.

ಹದಿನೈದು ದಿನದ ಮೇಲೆ ಮೇಷ್ಟ್ರ ಹೆಂಡತಿ ಲ್ಯಾಬಿಗೆ ಬಂದರಂತೆ. ಕಪಾಟಿನಲ್ಲಿದ್ದ ಪುಸ್ತಕ, ಊಟದ ಡಬ್ಬಿ, ಒಂದು ಸ್ವೆಟರು ತೆಗೆದುಕೊಂಡರು. ಹೋಗುವಾಗ ತಿರುಗಿ ನಿಂತು, “ಅಕ್ಕ, ಕೊನೇಲಿ ಏನಾದ್ರೂ ಅಂದ್ರಾ? ಯಾರನ್ನಾದ್ರೂ ಕರೆದ್ರಾ?” ಎಂದು ಕೇಳಿದರು. “ನಾನು ನೋಡ್ಲೇ ಇಲ್ಲ ಕಣಮ್ಮ ಅನ್ನೋಕೆ ನಾಲಿಗೆ ಹೊರಳಲಿಲ್ಲ. ಇಲ್ಲ, ನಿದ್ದೆ ಮಾಡಿದಂಗೇ ಇದ್ರು ಅಂದೆ. ನಾನು ಏನು ಕಂಡಿದ್ದೆ ಅಂತ ಹಂಗಂದೆ?” ಹೇಳುತ್ತ ಹೇಳುತ್ತ ಅಕ್ಕ ಒರೆಸಿದ್ದ ಮೇಜನ್ನೇ ಮತ್ತೆ ಒರೆಸುತ್ತಾರೆ.

ಆಮೇಲೆ ಡಬ್ಬಿಗಳು ಕಪಾಟು ಸೇರಿದವು. ಬಂದ ಮೇಷ್ಟ್ರುಗಳೆಲ್ಲ ಅದೇ ಪಾಠವನ್ನು ಗೋಡೆಯ ಪರದೆಯ ಮೇಲೆ ಚಿತ್ರ ಹಾಕಿ ಮುಗಿಸಿದರು. ಅಕ್ಕ ಡಸ್ಟರನ್ನು ಕೈಯಲ್ಲಿ ಹಿಡಿಯಲಿಲ್ಲ. ಬೋರ್ಡು ಒರೆಸಲು ಬಟ್ಟೆ ತಂದುಕೊಂಡರು. ಯಾರೂ ಏಕೆಂದು ಕೇಳಲಿಲ್ಲ, ಲ್ಯಾಬ್ ಸಹಾಯಕಿ ಬೋರ್ಡನ್ನು ಯಾವುದರಲ್ಲಿ ಒರೆಸಿದರೆ ಯಾರಿಗೇನು?

ಈ ವರ್ಷ ಆ ಪಾಠಕ್ಕೆ ಬಂದವರು ಇಪ್ಪತ್ತೇಳರ ಹೊಸ ಮೇಡಂ. ಬಂದ ದಿನವೇ ಕಪಾಟು ತೆಗೆಸಿ ಡಬ್ಬಿಗಳನ್ನು ಹೊರಗಿಟ್ಟರು. ಅಕ್ಕ ಮುಖ ತಿರುಗಿಸಿ ನಿಂತಾಗ ಹತ್ತಿರ ಬಂದು ಹೇಳಿದರು: “ಗುರುತು ಸಿಗಲಿಲ್ವಾ ಅಕ್ಕ? ಅವತ್ತು ಸ್ಲೇಟು ಹಿಡಿದು ಕೂಡಿಸ್ತಿದ್ದೋಳು ನಾನೇ. ಹದಿನಾಲ್ಕನೇ ಸುತ್ತಲ್ಲಿ ಕೇಳೋಣ ಅನ್ನಿಸ್ತು. ಬೈದಾರು ಅಂತ ಸುಮ್ಮನಾದೆ.”

ಇಷ್ಟು ವರ್ಷ ಆ ಭಾರ ತನ್ನೊಬ್ಬಳದೇ ಎಂದುಕೊಂಡಿದ್ದ ಅಕ್ಕ ಅಲ್ಲೇ ಬೆಂಚಿನ ಮೇಲೆ ಕುಳಿತರು. ಇಬ್ಬರೂ ಅತ್ತರು. ಅತ್ತು ಮುಗಿದ ಮೇಲೆ ಮೇಡಂ, “ನೀವು ಹೋಗೋ ಮುಂಚೆ ಒಂದ್ಸಲ ಮಾಡೋಣ ಅಕ್ಕ. ಇಲ್ದಿದ್ರೆ ಮೇಷ್ಟ್ರ ಪಾಠ ಆ ಹತ್ತೊಂಬತ್ತರಲ್ಲೇ ನಿಂತುಬಿಡುತ್ತೆ” ಎಂದರು. ಅಕ್ಕ ಮನೆಗೆ ಹೋಗಿ ನಾಲ್ಕು ಹೊಸ ಚೀಟಿ ಬರೆದರು. ಮನೆಯವರು ಹೊಲಿಗೆ ನಿಲ್ಲಿಸಿ ನೋಡಿದರು.

ಈ ಸೋಮವಾರ ಮೊದಲ ತರಗತಿ. ಡಬ್ಬಿಗಳು ಗೂಡಿನಲ್ಲಿವೆ, ಮಕ್ಕಳು ತಮ್ಮ ತಮ್ಮ ಜಾಗದಲ್ಲಿದ್ದಾರೆ, ಮೇಡಂ ಮೂಲೆಯ ಕುರ್ಚಿಯಲ್ಲಿ. ಅಕ್ಕ ಡಸ್ಟರನ್ನು ಎತ್ತಿಕೊಳ್ಳುತ್ತಾರೆ. ಟಕ್. ತಲೆ ಎತ್ತಿ ಕುರ್ಚಿಯ ಕಡೆ ನೋಡುತ್ತಾರೆ. ಟಕ್. ಮತ್ತೆ ನೋಡುತ್ತಾರೆ. ನೋಡುತ್ತ ಬಡಿಯುವುದರಿಂದ ತಾಳ ಕುಂಟುತ್ತದೆ. ಚೀಟಿ ಓದುವ ಹುಡುಗಿ ಮುಸಿಮುಸಿ ನಗುತ್ತಾಳೆ. ಆರು ಸುತ್ತಾಗುತ್ತದೆ, ಏಳಾಗುತ್ತದೆ. ಈ ಮಕ್ಕಳೂ ಕೇಳುವುದಿಲ್ಲ. ಮೇಡಂ ಕಾಯುತ್ತಾರೆ. ಎಂಟನೆಯ ಸುತ್ತಿಗೆ ಅಕ್ಕ ಡಸ್ಟರನ್ನು ಮೇಜಿನ ಮೇಲೆ ಇಟ್ಟುಬಿಡುತ್ತಾರೆ.

“ಸಾಕು. ನಿಲ್ಸಿ ಮಕ್ಕಳೇ.”

“ಚೀಟಿಯಲ್ಲಿ ಹಾಗೆ ಬರೆದಿಲ್ಲವಲ್ಲ ಅಕ್ಕ?” ಎಂದು ಸ್ಲೇಟಿನವನು ಕೇಳುತ್ತಾನೆ.

“ಬರೆದಿಲ್ಲ ಕಣಪ್ಪ. ಅದಕ್ಕೇ ಹೇಳ್ತಿದೀನಿ.”

ಮೂಲೆಯ ಕುರ್ಚಿಯಿಂದ ಚಪ್ಪಾಳೆ ಕೇಳುತ್ತದೆ. ಮೇಡಂ ಎದ್ದು ಬರುತ್ತಾರೆ, ಬೋರ್ಡಿನ ಕಡೆ ತಿರುಗಿ ನಿಲ್ಲುತ್ತಾರೆ. ಮೇಡಂ ನಿಂತಿರುವುದನ್ನೇ ಅಕ್ಕ ನೋಡುತ್ತಾರೆ.

ತರಗತಿ ಖಾಲಿಯಾದ ಮೇಲೆ ಡಬ್ಬಿಗಳನ್ನು ಒರೆಸಿ ಕಪಾಟಿಗಿಡುವಾಗ, ನಿವೃತ್ತಿಯ ದಿನ ಕಾಲೇಜಿನಿಂದ ಏನು ಬಯಸುತ್ತೀರಿ ಎಂದು ಅಕ್ಕನನ್ನು ಕೇಳುತ್ತೇವೆ. ಹಾರ, ಸನ್ಮಾನ ಬೇಡವೇ ಬೇಡ ಎನ್ನುತ್ತಾರೆ. ಪರ್ಸಿನ ಚೀಟಿ ಪರ್ಸಿನಲ್ಲೇ ಇರಲಿ, ಅದನ್ನು ಬಿಸಾಡುವುದು ತಮ್ಮ ಕೈಲಾಗದು ಎನ್ನುತ್ತಾರೆ. ಆಮೇಲೆ ಡಸ್ಟರನ್ನು ಎತ್ತಿ ಮರದ ಬೆನ್ನನ್ನು ಹೆಬ್ಬೆರಳಿನಿಂದ ಸವರುತ್ತಾರೆ.

“ನನ್ನ ಜಾಗಕ್ಕೆ ಯಾರು ಬರ್ತಾರೋ ಅವರಿಗೆ ಒಂದು ಮಾತು ಹೇಳಿ. ತಾಳ ತಪ್ಪಿದ್ರೂ ಪರವಾಗಿಲ್ಲ, ತಲೆ ಎತ್ಕೊಂಡು ಬಡೀಲಿ.”