ಕಹಳೆಯಿಲ್ಲದ ಬ್ಯಾಂಡು

ಮೊನ್ನೆ ಮಗಳ ಕೀಬೋರ್ಡನ್ನು ರಿಪೇರಿಗೆ ಕೊಟ್ಟಿದ್ದೆ. ಅಂಗಡಿಯವನು ಸೀಸ ಕರಗಿಸಿ ತಂತಿ ಬೆಸೆಯುವಾಗ ಆ ಹೊಗೆಯ ವಾಸನೆ ಮೂಗಿಗೆ ಬಡಿಯಿತು. ಶಿಕಾರಿಪುರದ ನಮ್ಮ ರೇಡಿಯೋ ಅಣ್ಣ ಎದುರಿಗೇ ಬಂದು ನಿಂತಂತಾಯಿತು...

ತೊಂಬತ್ತರ ದಶಕದ ಮಾತು. ಅವರದು ರೇಡಿಯೋ ರಿಪೇರಿ ಅಂಗಡಿ. ಹುಚ್ಚು ಮಾತ್ರ ಮೆಟಲ್ ಎನ್ನುವ ಅಬ್ಬರದ ಇಂಗ್ಲಿಷ್ ಸಂಗೀತದ್ದು. ಯಾರೋ ರಿಪೇರಿಗೆ ಬಿಟ್ಟುಹೋದ ಟೇಪ್‌ರೆಕಾರ್ಡರಿನೊಳಗೆ ಸಿಕ್ಕಿಕೊಂಡಿದ್ದ ಕ್ಯಾಸೆಟ್ಟಿನಿಂದ ಹತ್ತಿದ ಹುಚ್ಚು. ಗಿಟಾರು ಗುಡುಗುವಂಥ ಆಂಪ್ಲಿಫೈಯರನ್ನು ಕೈಯಾರೆ ಕಟ್ಟಿದರು. ಅದರ ಜೊತೆಗೆ ಎರಡು ಪಿಟೀಲು, ಭಜನಾ ಮಂಡಳಿಯ ನಾಲ್ವರು ಹೆಂಗಸರ ಹಿಮ್ಮೇಳ, ಎಲ್ಲಕ್ಕಿಂತ ಮೇಲೆ ನನ್ನ ದನಿ. ಊರವರು ನಕ್ಕರು. ಎರಡು ವರ್ಷ ಅಭ್ಯಾಸ ಮಾಡಿದರೂ ಒಂದು ಕರೆಯೂ ಬರಲಿಲ್ಲ. ಒಂದು ಸಲವಾದರೂ ಜನ ನಿಂತು ಕೇಳಬೇಕು ಎನ್ನುವುದಷ್ಟೇ ಅಣ್ಣನ ಆಸೆ.

ಕೊನೆಗೆ ಸೊರಬದ ಕಡೆ, ಕುಪ್ಪಗಡ್ಡೆಯ ಮದುವೆಗೆ ಕರೆ ಬಂತು. ಹೋಗಿ ಇಳಿದರೆ ಹುಡುಗಿಯ ಅಪ್ಪ ನಮ್ಮ ಸಾಮಾನು ನೋಡಿ ಕಂಗಾಲು.

“ಕಹಳೆ ಎಲ್ರೀ? ಮೆಟಲ್ ಬ್ಯಾಂಡ್ ಅಂದ್ರೆ ಹಿತ್ತಾಳೆ ಬ್ಯಾಂಡ್ ಅನ್ಕಂಡಿದ್ದೆ. ದಿಬ್ಬಣದ ಮುಂದೆ ನಡೀತಾ ಬಾರಿಸ್ಬೇಕಲ್ರೀ!”

“ಕಹಳೆ ಇಲ್ರೀ ಯಜಮಾನ್ರೆ. ಒಂದು ಟ್ರ್ಯಾಕ್ಟರು, ಒಂದು ಬ್ಯಾಟರಿ ಕೊಡ್ರಿ, ಸಾಕು,” ಎಂದರು ಅಣ್ಣ.

ಟ್ರೇಲರ್ ಹತ್ತಿದೆವು. ಗಾಡಿ ಕುಲುಕಿದಾಗಲೆಲ್ಲ ಬ್ಯಾಟರಿಯ ತಂತಿ ಬಿಟ್ಟುಕೊಂಡು ಸದ್ದು ನಿಲ್ಲುತ್ತಿತ್ತು. ಜನ ಮುಸಿಮುಸಿ ನಗತೊಡಗಿದರು. ಅಣ್ಣ ತಮ್ಮ ಗಿಟಾರನ್ನು, ಅವರ ಹತ್ತಿರವೇ ಬಾರಿಸಲು ಕಲಿತಿದ್ದ ಪಿಟೀಲಿನವರೊಬ್ಬರ ತಮ್ಮನ ಕೈಗಿಟ್ಟು, ಸ್ಪೀಕರಿನ ಹಿಂದೆ ಕುಕ್ಕರಗಾಲಲ್ಲಿ ಕೂತು, ಹೆಬ್ಬೆರಳಿನಿಂದ ತಂತಿಯನ್ನು ಒತ್ತಿ ಹಿಡಿದರು.

“ಹಾಡವ್ವಾ ತಂಗಿ, ನಾ ಬಿಡಲ್ಲ.”

ಹಾಡಿದೆ. ಅಂಥ ದನಿ ನನ್ನ ಗಂಟಲಲ್ಲಿತ್ತೆಂದು ನನಗೇ ಗೊತ್ತಿರಲಿಲ್ಲ. ದಿಬ್ಬಣ ನಿಂತೇಬಿಟ್ಟಿತು. ಮದುಮಗ ಕಾರಿನಿಂದ ಇಳಿದು ಬಂದ. ಮುಹೂರ್ತ ಮೀರುತ್ತದೆಂದು ಅಯ್ಯನವರು ಕೂಗಿದ್ದು ಯಾರಿಗೆ ಕೇಳಬೇಕು, ನಮ್ಮ ಸದ್ದೇ ಅಷ್ಟಿತ್ತು! ಹುಡುಗಿಯ ಅಪ್ಪನೇ “ಇನ್ನೊಂದು ಆಗ್ಲಿ” ಎಂದರು. ಕೆಳಗಿಳಿದಾಗ ನೋಡಿದರೆ ಕಾದ ತಂತಿಗೆ ಅಣ್ಣನ ಹೆಬ್ಬೆರಳು ಸುಟ್ಟು ಬೊಬ್ಬೆ ಎದ್ದಿತ್ತು. ಅವರು ನಗುತ್ತಿದ್ದರು.

ಆಮೇಲೆ ತೊಗರ್ಸಿ, ಅಂಜನಾಪುರ... ನಾಲ್ಕು ವರ್ಷ ಕರೆದಲ್ಲೆಲ್ಲ ಹೋದೆವು. ಮದುವೆ, ಕೆಲಸ ಎಂದು ಒಬ್ಬೊಬ್ಬರೇ ಕಳಚಿಕೊಂಡ ಮೇಲೆ ಬ್ಯಾಂಡು ನಿಂತಿತು. ಅಣ್ಣ ತೀರಿಕೊಂಡೂ ಬಹಳ ಕಾಲವಾಯಿತು. ಅವರ ಜೊತೆ ಒಂದು ಫೋಟೋ ಕೂಡ ತೆಗೆಸಿಕೊಳ್ಳಲಿಲ್ಲವಲ್ಲ ಎಂದು ಈಗ ಸಂಕಟವಾಗುತ್ತದೆ.

ಇರುವುದು ಕುಪ್ಪಗಡ್ಡೆಯ ಆ ಮದುವೆಯ ವಿಡಿಯೋ ಮಾತ್ರ. ರಿಪೇರಿಯಾದ ಕೀಬೋರ್ಡ್ ಮನೆಗೆ ತಂದ ದಿನ ಮಗಳಿಗೆ ಅದನ್ನು ತೋರಿಸಿದೆ. ನಿಮ್ಮಮ್ಮ ಮೆಟಲ್ ಬ್ಯಾಂಡಿನವಳು ಎಂದು ಹೆಮ್ಮೆಯಿಂದಲೇ ಹೇಳಿದೆ. ಅವಳು ಕೊನೆಯವರೆಗೂ ನೋಡಿ, “ರೇಡಿಯೋ ಮಾಮ ಎಲ್ಲೂ ಕಾಣಲೇ ಇಲ್ಲವಲ್ಲಮ್ಮ?” ಎಂದಳು.

“ಸ್ಪೀಕರ್ ಹಿಂದೆ ಇದಾರೆ ಕಣೇ,” ಎಂದೆ. “ಸದ್ದು ಬರ್ತಿದೆಯಲ್ಲ.”