ಇಪ್ಪತ್ತೊಂದನೇ ಬುಟ್ಟಿ

ಸೋಮವಾರ, ಮಧ್ಯಾಹ್ನ ಮೂರು ಗಂಟೆ. ಹೊನ್ನಾವರ ಬಸ್ ನಿಲ್ದಾಣದ ಚಹಾ ಅಂಗಡಿ. ಒಂದೇ ಮೇಜಿನ ಸುತ್ತ ನಾನು, ತೆಂಗಿನಗುಂಡಿಯ ಮೀನುಗಾರ ಮಾದೇವ ಮತ್ತು ಅವರ ಮಗಳು ಸವಿತಾ. ಅವಳು ಬ್ಯಾಂಕಿನಲ್ಲಿ ಗುಮಾಸ್ತೆ. ಗೋಡೆಯ ಟಿ.ವಿ.ಯಲ್ಲಿ ಲೋಕಸಭೆಯ ಚರ್ಚೆ. ಹೆಚ್ಚು ಗಳಿಸುವವರ ತೆರಿಗೆ ಏರಲಿ ಎಂದು ಒಬ್ಬರು, ಬೇಡವೆಂದು ಇನ್ನೊಬ್ಬರು. ನನಗೆ ಇಬ್ಬರದೂ ಸರಿ ಎನಿಸುತ್ತಿತ್ತು.

"ಕೇಳ್ದ್ಯಾ ಮಗಾ? ಬಡ್ತಿ ಬ್ಯಾಡ. ಸಂಬಳ ತೆರಿಗೆ ಗೆರೆ ದಾಟಿದ್ರೆ ಇದ್ದದ್ದೂ ಹೋತು," ಎಂದರು ಮಾದೇವ.

ಬಡ್ತಿಯ ಒಪ್ಪಿಗೆ ಪತ್ರವನ್ನು ಸವಿತಾ ಸಂಜೆ ಐದು ಗಂಟೆಯೊಳಗೆ ಕುಮಟೆಯ ಕಚೇರಿಗೆ ಕೊಡಬೇಕಿತ್ತು. ಇನ್ನೂ ಸಹಿ ಹಾಕಿರಲಿಲ್ಲ.

"ಗೆರೆ ದಾಟಿದಷ್ಟಕ್ಕೆ ಮಾತ್ರ ಹೆಚ್ಚಿನ ದರ," ಎಂದೆ.

ಜೇಬಿನ ಪೆನ್ನು ನೋಡಿ ಮಾದೇವ ನನ್ನನ್ನು ಮಾಸ್ತರನೆಂದೇ ತಿಳಿದರು. "ಅದೆಂತ ಲೆಕ್ಕ ಮಾಸ್ತರೆ? ನಮ್ಮ ದೋಣಿಲಿ ಇಪ್ಪತ್ತು ಬುಟ್ಟಿ ದಾಟಿದ್ರೆ ಮೊದಲ್ನೇ ಬುಟ್ಟಿಯಿಂದ್ಲೇ ಧಣಿ ಪಾಲು ಹೆಚ್ಚು. ಅದ್ಕೇ ಇಪ್ಪತ್ತಾದ ಕೂಡ್ಲೆ ವಾಪಸ್ ಬತ್ತೇವೆ."

"ಸರ್ಕಾರ ನಿನ್ನ ಧಣಿ ಅಲ್ಲ ಅಪ್ಪಾ," ಎಂದಳು ಸವಿತಾ.

ನಾನು ಆರು ಬಿಸ್ಕತ್ತು ಸಾಲಾಗಿಟ್ಟೆ. ಐದರ ಆಚೆ ಬೆರಳಿನಿಂದ ಗೆರೆ ಎಳೆದು, ಆರನೆಯದನ್ನು ಮಾತ್ರ ಮುರಿದು ತೋರಿಸಿದೆ.

ಮಾದೇವ ಮುರಿಯದ ಐದನ್ನು ಕಣ್ಣಲ್ಲೇ ಎಣಿಸಿದರು. "ಆತು, ಸಹಿ ಹಾಕು. ಆದ್ರೆ ಮಾಸ್ತರೆ, ಗೆರೆ ದಾಟಿದ್ರೆ ನಮ್ಮ ಧಣಿ ಐದನ್ನೂ ಯಾಕೆ ಮುರೀತಾನೆ?"

ಟಿ.ವಿ.ಯಲ್ಲಿ ಇಬ್ಬರೂ ಇನ್ನೂ ಮಾತಾಡುತ್ತಿದ್ದರು. ಸವಿತಾ ನನ್ನ ಪೆನ್ನು ಪಡೆದು ಸಹಿ ಹಾಕಿ, ಅದನ್ನು ಮರಳಿಸಿ ಕುಮಟೆಯ ಬಸ್ಸಿಗೆ ಓಡಿದಳು. ಮಾದೇವ ಮಾತ್ರ ಬಿಸ್ಕತ್ತು ಮುಟ್ಟದೆ ಕುಳಿತಿದ್ದರು. ಪೆನ್ನಿಗೆ ಮುಚ್ಚಳ ಹಾಕಿ ಜೇಬಿಗಿಟ್ಟೆ.